ಚೀಟಿಯಲ್ಲಿದ್ದ ಅಮಾದೆಯೊ ಕಿಂತೆರೊ

ಬೊಗೋಟಾದಿಂದ ಹೊರಟಿದ್ದ ಸೈಕಲ್ ರೇಸಿನ ವರದಿಯನ್ನು ನಡುವೆಯೇ ನಿಲ್ಲಿಸಿ, ಘಾಟಿಯ ತಿರುವಿನಲ್ಲಿ ಬ್ಯಾಂಡಿನವರ ಲಾರಿ ಸವಾರರ ಗುಂಪಿನ ಮೇಲೆ ಉರುಳಿದೆ ಎಂದಿತು ಔಷಧಿ ಅಂಗಡಿಯ ರೇಡಿಯೋ. ಒಬ್ಬ ತೀರಿಕೊಂಡಿದ್ದಾನೆ, ಹೆಸರು ಅಮಾದೆಯೊ ಕಿಂತೆರೊ. ಅಷ್ಟು ಹೇಳಿ ಹಾಡು ಹಾಕಿತು.

ಕೆಮ್ಮಿನ ಔಷಧಿಗೆ ಕೈಚಾಚಿದ್ದ ಎಲ್ವೀರಾ ಬೆದೋಯಾ ಚಾಚಿದ ಕೈಯನ್ನು ಹಿಂದೆಗೆಯದೆ ನಿಂತುಬಿಟ್ಟಳು. ಅವಳ ಮಗನ ಹೆಸರು ಅಮಾದೆಯೊ ಕಿಂತೆರೊ. ಆ ಲಾರಿಯಲ್ಲಿ ಟ್ರಂಪೆಟ್ ಊದುವವನು ಅವನೇ. ಆದರೆ ರೇಸಿನಲ್ಲಿ ಹತ್ತನೆಯವನೋ ಹನ್ನೊಂದನೆಯವನೋ ಆಗಿದ್ದ ಒಬ್ಬ ಸವಾರನ ಹೆಸರೂ ಅದೇ.

ಅಂಗಡಿಯ ದೋನ್ ಆಬೆಲ್ ಸ್ಟೂಲು ತಂದಿಟ್ಟ.

"ಸೈಕಲ್ಲಿನವನೇ ಇರ್ಬೇಕು ಬಿಡಿ ದೋನ್ಯಾ ಎಲ್ವೀರಾ. ಲಾರಿ ಬಿದ್ದಿದ್ದು ಅವರ ಮೇಲಲ್ವಾ."

ತಾನೇನು ಅಂದೆ ಎಂಬುದು ತನ್ನ ಕಿವಿಗೇ ಬಿದ್ದು, ಅವನು ಸುಮ್ಮನೆ ಗಾಜಿನ ಬೀರು ಒರೆಸತೊಡಗಿದ.

ಪೂರ್ತಿ ಹೆಸರು ಓದಿದ್ದರೆ ಮುಗಿಯುತ್ತಿತ್ತು. ಅಪ್ಪನ ಮನೆತನದ ಹೆಸರಾದ ಮೇಲೆ ಅಮ್ಮನದು ಬರಬೇಕು: ಅಮಾದೆಯೊ ಕಿಂತೆರೊ ಬೆದೋಯಾ. ಆದರೆ ಅಮ್ಮನ ಹೆಸರಿನವರೆಗೆ ಹೋಗುವಷ್ಟು ಪುರುಸೊತ್ತು ಯಾರಿಗಿದೆ? ಬ್ಯಾಂಡಿನ ಯಜಮಾನನಂತೂ ಪೋಸ್ಟರಿನಿಂದ ಬೇಕೆಂದೇ ಬೆದೋಯಾ ತೆಗೆಸಿದ್ದ. ಸೈಕಲ್ಲಿನವನೇ ಬರುತ್ತಾನೆ ಅಂದುಕೊಂಡು ನಾಲ್ಕು ಜನ ಹೆಚ್ಚು ಸೇರಲಿ ಎಂಬ ಉಪಾಯ. ಮಗ ಅದನ್ನು ಹೇಳಿಕೊಂಡು ನಕ್ಕಿದ್ದ. ಇವಳೂ ನಕ್ಕಿದ್ದಳು. ಆಗಲೇ ಜಗಳ ತೆಗೆಯಬೇಕಿತ್ತು ಎಂದು ಈಗ ಅನ್ನಿಸಿತು.

ದೋನ್ ಆಬೆಲ್ ರೇಡಿಯೋ ಕೇಂದ್ರಕ್ಕೆ ಫೋನು ತಿರುಗಿಸಿದ. ಸಿಗಲಿಲ್ಲ. ಮತ್ತೆ ತಿರುಗಿಸಿದ. ಆರನೆಯ ಸಲಕ್ಕೆ ಸಿಕ್ಕಿದಾಗ ರಿಸೀವರನ್ನು ಅವಳ ಕಿವಿಗೆ ಹಿಡಿದ. ಆ ಕಡೆ ಒಬ್ಬಳು ಹುಡುಗಿ. ಎಲ್ವೀರಾ ತನ್ನ ಮಗನ ಹೆಸರೂ ಅದೇ ಎಂದು ಹೇಳಿ, ಸತ್ತವನ ಪೂರ್ತಿ ಹೆಸರು ಕೇಳಿದಳು.

"ನಿಮ್ಮ ಮಗನ ಎರಡನೇ ಹೆಸರೇನಮ್ಮ, ಅಮ್ಮನ ಕಡೆದು?" ಎಂದಳು ಹುಡುಗಿ.

ಬೆದೋಯಾ ಎಲ್ವೀರಾಳದೇ ಹೆಸರು. ಹುಟ್ಟಿದಾಗಿನಿಂದ ಇದ್ದ ಹೆಸರು. ಇಗರ್ಜಿಯಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಯೋಚನೆಯಿಲ್ಲದೆ ಹೇಳಿದ ಹೆಸರು. ಈಗ ಅದನ್ನು ಬಾಯಿಬಿಟ್ಟು ಹೇಳುವುದೆಂದರೆ ಸಾವಿಗೆ ಮನೆಯ ದಾರಿ ತೋರಿಸಿದಂತೆ.

"ಮೊದಲು ನೀನೇ ಹೇಳವ್ವ. ಸುದ್ದಿಯ ಚೀಟಿಯಲ್ಲಿ ಏನಿದೆಯೋ ಹಾಗೇ ಓದು."

ಕಾಗದದ ಸಪ್ಪಳ ಕೇಳಿಸಿತು. ಅದು ಮುಗಿಯುವುದೇ ಇಲ್ಲವೇನೋ ಅನ್ನಿಸಿತು.

"ಅಮಾದೆಯೊ ಕಿಂತೆರೊ... ಓಸ್ಪಿನಾ."

ಎಲ್ವೀರಾ ಸ್ಟೂಲಿನ ಮೇಲೆ ಕುಸಿದಳು. ಇನ್ನೊಂದು ಸಲ ಓದಿಸಿದಳು. ಓಸ್ಪಿನಾ.

"ನಾನು ಬೆದೋಯಾ ಕಣವ್ವ. ಅದು ನಾನಲ್ಲ. ದೇವರು ದೊಡ್ಡವನು," ಎಂದಳು. ಅಳುವೋ ನಗುವೋ ಗೊತ್ತಾಗದ ಸದ್ದೊಂದು ಗಂಟಲಿನಿಂದ ಹೊರಟಿತು. ದೋನ್ ಆಬೆಲ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಆ ಕಡೆ ಹುಡುಗಿ ದನಿ ತಗ್ಗಿಸಿ ಹೇಳಿದಳು:

"ಓಸ್ಪಿನಾ ಅನ್ನೋ ತಾಯಿ ಒಬ್ಬರು ಇನ್ನೊಂದು ಲೈನಲ್ಲಿ ಕಾಯ್ತಾ ಇದಾರಮ್ಮ. ಚೀಟಿಯಲ್ಲಿ ತಮ್ಮ ಹೆಸರಿದೆಯಾ ಅಂತ ಕೇಳ್ತಿದಾರೆ."