ಬೀದಿಗೆ ಚಾಚಿದ ಹಾಸು

ವೆಂಕಟರಾಮಪ್ಪ ಗಂಜಿಯ ಕೊಪ್ಪರಿಗೆಯೊಳಕ್ಕೆ ಉಗುಳಲಿಲ್ಲ. ಅದರ ಪಕ್ಕಕ್ಕೆ ಉಗುಳಿದ. ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು. ದೇವರ ಮುಂದೆ ಸ್ತೋತ್ರ ಹೇಳಿದ ಬಾಯಿಂದಲೇ ಉಗುಳಿದ್ದ.

“ಹುಚ್ಚನ ಮನೆ ಹಾಸನ್ನ ನಮ್ಮೋರು ಯಾರೂ ಮುಟ್ಟೋಲ್ಲ ಕಣಮ್ಮ,” ಎಂದ.

ಮುತ್ತಮ್ಮ ಗಂಜಿ ಕದಡುತ್ತಲೇ ಇದ್ದಳು. ಜಗಲಿಯ ಮೇಲೆ ಅವಳ ಗಂಡ ಗಂಗಣ್ಣ ತಲೆ ತಗ್ಗಿಸಿ ಕುಳಿತಿದ್ದ.

ದೊಡ್ಡಬಳ್ಳಾಪುರದ ನೇಕಾರರ ಬೀದಿ ಅದು. ವೆಂಕಟರಾಮಪ್ಪ ಅದರ ಯಜಮಾನ. ಮಗ್ಗಕ್ಕೆ ಏರಿಸುವ ಮೊದಲು ಉದ್ದನೆಯ ಹಾಸು ನೂಲನ್ನು ಗಂಜಿಯಲ್ಲಿ ಅದ್ದಿ, ಬೀದಿಯುದ್ದಕ್ಕೂ ಚಾಚಿ, ಕುಂಚದಿಂದ ತೀಡಿ ಒಣಗಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ತುದಿಗಳನ್ನು ಎಳೆದು ಹಿಡಿಯಲು ನಾಲ್ವರು, ನಡುವೆ ಕೋಲು ಎತ್ತಿ ಹಿಡಿಯಲು ಇಬ್ಬರು, ಕುಂಚಕ್ಕೆ ಒಬ್ಬರು. ಕರೆಯದೆ ಬರುವುದು ಆ ಬೀದಿಯ ಪದ್ಧತಿ. ಗಂಗಣ್ಣನ ಮನೆಗೆ ಮಾತ್ರ ಇಂದು ಯಾರೂ ಬಂದಿರಲಿಲ್ಲ.

ಯುದ್ಧದ ಕಾಲ. ನೂಲು ಸರ್ಕಾರದ ಚೀಟಿಯ ಮೇಲೆ ಅಳತೆಯಲ್ಲಿ ಸಿಗುತ್ತಿತ್ತು. ಬಿಸಿಲು ಏರುವುದರೊಳಗೆ ಹಾಸು ಚಾಚದಿದ್ದರೆ ಎಳೆಗಳು ಅಂಟಿಕೊಂಡು ಹಾಳಾಗುತ್ತವೆ. ಬಟ್ಟೆ ಒಪ್ಪಿಸದವನ ಹೆಸರನ್ನು ನೂಲಿನ ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಆಮೇಲೆ ಮಗ್ಗವೂ ಇಲ್ಲ, ಊಟವೂ ಇಲ್ಲ. ಆಗಲೇ ಗಂಜಿ ಹುಳಿ ನಾರತೊಡಗಿತ್ತು. ಎದುರು ಮನೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡುತ್ತಿದ್ದರು. ಗಂಜಿಗಲ್ಲ, ಗಂಗಣ್ಣನಿಗೆ.

ಕಳೆದ ವರ್ಷ ಇವರ ಕೂಸು ತೀರಿಕೊಂಡಿತು. ಆ ತಿಂಗಳೆಲ್ಲ ಒಳಗಿನಿಂದ ಪಾತ್ರೆ ಎಸೆಯುವ ಸದ್ದು. ನೆರೆಯವರು ಬಾಗಿಲಿಗೆ ಬಂದರೆ ಗಂಗಣ್ಣ ಹಣೆಯ ರಕ್ತ ಒರೆಸಿಕೊಳ್ಳುತ್ತಾ ಹೊರಗೆ ಬಂದು, “ನಾನೇ, ನಾನೇ ಎಸೆದೆ” ಎನ್ನುತ್ತಿದ್ದ. ಕೊನೆಗೆ ಬೆಂಗಳೂರಿನಿಂದ ಯಜಮಾನನಿಗೆ ಅವನದೇ ಕಾಗದ ಬಂತು. ತನಗೆ ತಲೆ ಕೆಟ್ಟಿದೆ, ಹುಚ್ಚಾಸ್ಪತ್ರೆ ಸೇರುತ್ತಿದ್ದೇನೆ, ನೋಡಿಕೊಳ್ಳಲು ಮುತ್ತಮ್ಮ ಜೊತೆಗಿರುತ್ತಾಳೆ. ಒಂದಕ್ಷರವೂ ಅಂಕುಡೊಂಕಾಗಿರಲಿಲ್ಲ. ಬೀದಿ ಆ ಕಾಗದವನ್ನು ಓದಿ ನಕ್ಕಿತು.

ಎಂಟು ತಿಂಗಳ ಮೇಲೆ ಇಬ್ಬರೂ ಹಿಂದಿರುಗಿದರು. ಮುತ್ತಮ್ಮನ ತಲೆ ಬೋಳಾಗಿ, ಆಗತಾನೆ ಕೂದಲು ಚಿಗುರುತ್ತಿತ್ತು. ಗಂಡನಿಗೆ ವಾಸಿಯಾಗಲೆಂದು ತಿಮ್ಮಪ್ಪನಿಗೆ ಮುಡಿ ಕೊಟ್ಟಳಂತೆ. ಪತಿವ್ರತೆ ಎಂದು ಹೊಗಳಿದರು. ಹೊಗಳಿದ ಆ ಹೆಂಗಸರೇ ಅವಳ ಬಿಂದಿಗೆಯ ಪಕ್ಕ ತಮ್ಮ ಬಿಂದಿಗೆ ಇಡುತ್ತಿರಲಿಲ್ಲ.

“ಏನ್ ಯಜಮಾನ್ರೇ, ಬೆಳಗ್ಗೇನೇ ಪಂಚಾಯ್ತಿ?”

ಬಣ್ಣ ಹಾಕುವ ಮಹಬೂಬ್ ಸಾಬರ ಹೆಂಡತಿ ಸರ್ವರ್ ಬೇಗಂ ಬಂದಳು. ಹಿಂದೆ ಮಹಬೂಬ್. ಇಬ್ಬರ ಕೈಯೂ ಮೊಣಕೈವರೆಗೆ ನೀಲಿ.

“ನಿಮಗ್ಯಾಕಮ್ಮ ಇದೆಲ್ಲ?” ಎಂದ ವೆಂಕಟರಾಮಪ್ಪ.

“ನಮ್ಮ ಕೈ ಸೋಕಿದ ನೂಲು ನಿಮಗೆ ಆಗ್ತದೆ. ಗಂಗಣ್ಣನ ಕೈ ಸೋಕಿದ್ದು ಮಾತ್ರ ಕೆಡ್ತದಾ? ಹಿಡೀರಿ ಜೀ,” ಎಂದು ಗಂಡನ ಕೈಗೆ ಒಂದು ತುದಿ ಕೊಟ್ಟಳು.

ಪಕ್ಕದ ಮನೆಯ ಚಿಕ್ಕಬೀರಪ್ಪ ಎಲೆಯಡಿಕೆ ಉಗಿದು ಎದ್ದ. ಅವನ ಹೆಂಡತಿಯೂ ಬಂದಳು. ಆಮೇಲೆ ಯಜಮಾನನ ಹೆಂಡತಿ ಅಶ್ವತ್ಥಮ್ಮನೇ ಸೆರಗು ಬಿಗಿದುಕೊಂಡು ಬಂದು ಕೋಲು ಹಿಡಿದಳು.

“ಲೇ, ನಿನಗೇನಾಯ್ತೇ?”

“ನಾಚಿಕೆ ಆಯ್ತು. ನೀವೂ ಒಂದು ತುದಿ ಹಿಡೀರಿ. ಇಲ್ಲದಿದ್ರೆ ಇವತ್ತು ಅಡುಗೆ ನೀವೇ ಮಾಡ್ಕೊಳ್ಳಿ.”

ಯಾರೋ ನಕ್ಕರು. ವೆಂಕಟರಾಮಪ್ಪನ ಮುಖ ಕೆಂಪಾಯಿತು. “ಹಿಡೀತೀನಿ. ಆದ್ರೆ ಆ ಹುಚ್ಚ ಮೋರಿ ಆಚೆ ಕೂತಿರ್ಬೇಕು.”

ಗಂಗಣ್ಣ ಎದ್ದು ಮೋರಿ ದಾಟಿದ. ಎರಡು ದಿನದ ಕೊಳಕು ಅಲ್ಲಿ ಕೊಳೆಯುತ್ತಿತ್ತು, ನೊಣ ಮುತ್ತಿತ್ತು. ಅದರ ಅಂಚಿನಲ್ಲಿ ಕುಳಿತು ಹೆಂಡತಿಗೆ ಹೇಳಿದ: “ಹೆದರ್ಕೋಬೇಡ. ನಾನಿಲ್ಲೇ ಇದ್ದೀನಿ.”

“ನೋಡಪ್ಪಾ, ಹುಚ್ಚ ಧೈರ್ಯ ಹೇಳ್ತಾನೆ!” ಎಂದ ವೆಂಕಟರಾಮಪ್ಪ.

ಹಾಸು ಬೀದಿಯುದ್ದಕ್ಕೂ ಚಾಚಿಕೊಂಡಿತು. ಮುತ್ತಮ್ಮ ಕುಂಚ ಎಳೆಯತೊಡಗಿದಳು. ಒದ್ದೆ ಹಾಸು ಬಿಗಿಯಾಗಿರಬೇಕು. ಒಂದು ಕೈ ಬಿಟ್ಟರೆ ಎಲ್ಲವೂ ಮಣ್ಣಿಗೆ.

ಅಷ್ಟರಲ್ಲಿ ನಾಲ್ಕು ಎಳೆ ಕಿತ್ತುಹೋದವು. ಮುತ್ತಮ್ಮ ಗಂಟು ಹಾಕಲು ಹೋದಳು. ಗಂಟು ಜಾರಿತು. ಮತ್ತೆ ಪ್ರಯತ್ನಿಸಿದಳು. ಇನ್ನೆರಡು ಕಿತ್ತುಹೋದವು. ಗಂಗಣ್ಣ ಮೋರಿ ದಾಟಿ ಬಂದು, ಅವಳ ಕೈಯನ್ನು ಮೆಲ್ಲಗೆ ಸರಿಸಿ, ಕಣ್ಣು ಮಿಟುಕಿಸುವುದರೊಳಗೆ ಆರು ಎಳೆಯನ್ನೂ ಗಂಟು ಹಾಕಿದ.

“ಮುಟ್ಟಿಬಿಟ್ಟ! ಹುಚ್ಚಾಸ್ಪತ್ರೆ ಅನ್ನ ತಿಂದ ಕೈಲಿ ಮುಟ್ಟಿಬಿಟ್ಟ! ಬಿಟ್ಟು ಹೋಗ್ತೀನಿ ನಾನು!” ಎಂದು ತುದಿ ಹಿಡಿದೇ ಕೂಗಿದ ವೆಂಕಟರಾಮಪ್ಪ.

“ಹೋಗಿ,” ಎಂದಳು ಅಶ್ವತ್ಥಮ್ಮ. “ಆ ತುದೀನೂ ನಾವೇ ಹಿಡೀತೀವಿ. ಇವತ್ತಿನವರೆಗೆ ನಿಮ್ಮ ಬಾಯಿಗೆ ಹೆದರಿ ಇವರ ಮನೆಗೆ ಒಂದು ಲೋಟ ಮಜ್ಜಿಗೆ ಕೊಡಲಿಲ್ಲ ನಾನು. ನೆನೆಸಿಕೊಂಡ್ರೆ ನನ್ನ ಮೇಲೇ ನನಗೆ ಹೇಸಿಗೆಯಾಗ್ತದೆ.”

ವೆಂಕಟರಾಮಪ್ಪ ಎಲ್ಲರ ಮುಖ ನೋಡಿದ. ತುದಿ ಬಿಡಲಿಲ್ಲ.

ಮುತ್ತಮ್ಮ ಕುಂಚ ನಿಲ್ಲಿಸಿದಳು. “ಅಶ್ವತ್ಥಕ್ಕಾ, ಆ ಆಸ್ಪತ್ರೇಲಿ ಇದ್ದು ಬಂದೋರು ಅಂತ ಗೊತ್ತಿದ್ದೂ ಹಿಡ್ಕೊಂಡಿರ್ತೀರಾ?”

“ಹಿಡ್ಕೊಂಡಿರ್ತೀನಿ.”

“ಬೇಗಂ?”

“ನಾನು ಬಿಡೋಳಲ್ಲ ಬೇಟಿ. ಯಾಕೆ ಕೇಳ್ತೀಯಾ?”

ಗಂಗಣ್ಣನ ಮುಖ ಬಿಳಿಚಿತು. “ಮುತ್ತೀ, ಬೇಡ,” ಎಂದ. ಅಷ್ಟು ದಿನ ಅಷ್ಟು ಜನ ಉಗುಳಿದಾಗಲೂ ಅವನು ಹಾಗೆ ಬೇಡಿಕೊಂಡಿರಲಿಲ್ಲ.

“ಎಂಟು ತಿಂಗಳು ಆಸ್ಪತ್ರೆ ಒಳಗಿದ್ದೋಳು ನಾನು, ಇವರು ಗೇಟಿನ ಆಚೆ ಮರದಡಿ ಮಲಗಿ ಕಾದ್ರು,” ಎಂದಳು ಮುತ್ತಮ್ಮ. ಚಾಚಿದ ಹಾಸು ಒಂದು ಬೆರಳಿನಷ್ಟೂ ಜೋಲಲಿಲ್ಲ.