ಬಸುರಿಯ ಗಂಡ

ರೇಷನ್ ರಾಗಿ ತಂದಿದ್ದ ಗೋಣಿಚೀಲದೊಳಗೆ ಬೆಕ್ಕು ಪರಚಾಡುತ್ತಿತ್ತು. ನಾಲೆಯ ಏರಿಯ ಮೇಲೆ ಅತ್ತೆ ಪುಟ್ಟಮಾದಮ್ಮ ಚೀಲವನ್ನು ಎಳೆಯುತ್ತಿದ್ದಳು, ತುಂಬು ಬಸುರಿ ಇಂದ್ರಮ್ಮ ಅದರ ತುದಿಯನ್ನು ಬಿಡದೆ ಹಿಡಿದಿದ್ದಳು.

"ಇದ್ರ ಕೂದ್ಲು ಒಟ್ಟೆ ಸೇರೇ ಓದ್ಸಲದ ಬಸುರು ಇಳಿದೋಯ್ತು. ಬುಡಮ್ಮಿ."

"ಮದ್ದೂರ್ ಡಾಕ್ಟ್ರಮ್ಮ ದೂರ ಇಡು ಅಂದ್ರು ಕಣತ್ತೆ, ಸಾಯ್ಸು ಅನ್ನಲಿಲ್ಲ. ತವರಿಗೆ ಕಳಿಸ್ಬುಡ್ತೀನಿ."

ಬ್ಲಫ್ ಎಂಬ ಜಲವಿದ್ಯುತ್ ಕೇಂದ್ರದ ಕೆಲಸದಿಂದ ತಿಂಗಳಿಗೊಮ್ಮೆ ಊರಿಗೆ ಬರುವ ಗಂಡ ಕೆಂಪಯ್ಯ ಅಷ್ಟು ಹೊತ್ತೂ ಬೀಡಿ ಸೇದುತ್ತ ಕೂತಿದ್ದ. ಎದ್ದು ಬಂದವನೇ ಹೆಂಡತಿಯ ಬೆರಳು ಬಿಡಿಸಿ ಚೀಲ ಕಿತ್ತುಕೊಂಡ. ಪುಟ್ಟಮಾದಮ್ಮ ಗಾಬರಿಬಿದ್ದಳು. ಹೆಂಡತಿ ಬಸುರಿಯಾಗಿರುವಾಗ ಆ ಊರಿನ ಗಂಡಸರು ಕೋಳಿಯನ್ನೂ ಕೊಯ್ಯುತ್ತಿರಲಿಲ್ಲ, ಹಾವು ಕಂಡರೂ ಹೊಡೆಯುತ್ತಿರಲಿಲ್ಲ.

"ಇತ್ಲಾಗ್ ಕೊಡ್ಲಾ, ನಾನ್ ಎಸೀತೀನಿ. ಅಪ್ಪ ಆಗೋನು ಜೀವ ತೆಗುದ್ರೆ ಒಟ್ಟೇಲಿರೋ ಮಗೀಗೆ ತಟ್ತದೆ."

ಆ ಭಯಕ್ಕಾದರೂ ಅವನ ಕೈ ಹಿಂದೆ ಸರಿದೀತೆಂದು ಇಂದ್ರಮ್ಮ ಗಂಡನ ಮುಖ ನೋಡಿದಳು. ಕೆಂಪಯ್ಯ ಅವಳ ಹೊಟ್ಟೆಯ ಮೇಲೆ ಕಣ್ಣು ನೆಟ್ಟುಕೊಂಡೇ ಚೀಲವನ್ನು ನಾಲೆಯ ನಡುನೀರಿಗೆ ಎಸೆದ.

"ಆ ಮಾತ ಮಗೀನ್ ಅಪ್ಪಂಗೆ ಯೋಳವ್ವ," ಎಂದ. "ನಂಗ್ಯಾಕೆ?"