ಮೂರನೆಯ ತೂತು

ಎರಡು ತೂತು ಕೊರೆದು ಅವಳು ಯಂತ್ರ ನಿಲ್ಲಿಸಿದಳು. ಮೂರನೆಯದನ್ನು ಕೊರೆಯುವುದಿಲ್ಲ ಎಂದು ಹೇಳಿಕಳಿಸಿದಳು. ಐದಕ್ಕೆ ಲಾರಿ ಹೊರಡಬೇಕು. ಗಂಟೆ ಆಗಲೇ ನಾಲ್ಕೂವರೆ.

ಎಂಜಿನಿಯರ್ ಧಾವಿಸಿ ಬಂದ. "ಏನ್ ಡ್ರಿಲ್ಲಕ್ಕ, ಮುನಿಸಿಕೊಳ್ಳೋಕೆ ಇವತ್ತೇ ಆಗ್ಬೇಕಾ?" ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ.

"ಮುನಿಸೇನಿಲ್ಲ ಸಾರ್. ನಿಮ್ಮ ಡ್ರಾಯಿಂಗ್ ತಪ್ಪಿದೆ."

ಅದು ಕ್ರೇನಿಗೆ ಹಾಕುವ ಉಕ್ಕಿನ ಪ್ಲೇಟು. ಎರಡು ತೂತುಗಳಿಂದ ಸಮ ತೂಕದ ಎರಡು ಭಾರ ತೂಗುತ್ತವೆ. ಅವುಗಳ ನಟ್ಟನಡುವಿನ ಮೂರನೆಯ ತೂತಿಗೆ ಕೊಕ್ಕೆ. ನಡು ತಪ್ಪಿದರೆ ಪ್ಲೇಟು ವಾಲುತ್ತದೆ. ಮೂಲೆಯಿಂದ ಮಿಲಿಮೀಟರಿನಲ್ಲಿ ಲೆಕ್ಕ ಹಾಕಿ, ಮೊದಲ ತೂತು (200, 150), ಎರಡನೆಯದು (1000, 750), ಮೂರನೆಯದು (400, 300) ಎಂದು ಡ್ರಾಯಿಂಗಿನಲ್ಲಿ ಬರೆದಿತ್ತು.

ಅವಳು ಟೇಪು ಎಳೆದು ಹಿಡಿದಳು. "ತೂತಿಂದ ತೂತಿಗೆ ಸರಿಯಾಗಿ ಒಂದು ಮೀಟರ್. ನೀವು ಹೇಳಿದ ಜಾಗ ಇಲ್ಲಿ. ಈ ಕಡೆ ಕಾಲು ಮೀಟರ್, ಆ ಕಡೆ ಮುಕ್ಕಾಲು. ಇದನ್ನ ನಡು ಅಂತ ಯಾರಂತಾರೆ?"

ಅಕ್ಕಪಕ್ಕದ ಯಂತ್ರಗಳೂ ನಿಂತಿದ್ದವು. ಎಂಜಿನಿಯರ್ ದನಿ ಏರಿಸಿದ. "ಕೆಳಗೆ ನನ್ನ ಸಹಿ ಇದೆ, ನೋಡಿದ್ರಾ? ಒಂದಂಕಿ ಬದಲಾಯಿಸೋಕೂ ಹೆಡ್ಡಾಫೀಸು ಒಪ್ಪಬೇಕು, ನಾಳೆ ಸಂಜೆ ಆಗುತ್ತೆ. ಸುಮ್ಮನೆ ಕೊರೀರಿ. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ. ಅಷ್ಟಕ್ಕೂ ನೀವು ಓದಿರೋದು ಎಷ್ಟು?"

"ಹತ್ತನೇ ಕ್ಲಾಸು. ಲೆಕ್ಕದಲ್ಲಿ ಡುಮ್ಕಿ."

ಅವನು ನಕ್ಕ.

"ನಗಿ ಸಾರ್, ಪರವಾಗಿಲ್ಲ. ಆವತ್ತೂ ಇದೇ ಪ್ರಶ್ನೆ. ಎರಡು ಬಿಂದು ಕೊಟ್ಟು ಮಧ್ಯಬಿಂದು ಕೇಳಿದ್ರು. ಕೂಡಿಸಿ ಅರ್ಧ ಮಾಡೋ ಬದಲು ಕಳೆದು ಅರ್ಧ ಮಾಡಿದೆ. ಸಾವಿರದಲ್ಲಿ ಇನ್ನೂರು ಕಳೆದ್ರೆ ಎಂಟುನೂರು, ಅದರರ್ಧ ನಾನೂರು. ನಿಮ್ಮ ಕಾಗದದಲ್ಲೂ ನಾನೂರೇ ಇದೆ."

ಎಂಜಿನಿಯರ್ ಕಾಗದ ನೋಡಿದ. ಸಾವಿರ, ಇನ್ನೂರು, ಕೂಡಿದರೆ ಸಾವಿರದ ಇನ್ನೂರು, ಅದರರ್ಧ ಆರುನೂರು ಎಂದು ಅವನ ತುಟಿ ಅಲುಗಿದ್ದು ಎಲ್ಲರಿಗೂ ಕಂಡಿತು.

"ಆದ್ರೂ ಲಾರಿ..." ಎಂದ.

ಅವಳು ಪಕ್ಕಕ್ಕೆ ಸರಿದು ಯಂತ್ರದ ಹಸಿರು ಗುಂಡಿಯನ್ನು ಅವನಿಗೆ ಬಿಟ್ಟುಕೊಟ್ಟಳು. "ಅಷ್ಟು ಅವಸರ ಇದ್ರೆ ನೀವೇ ಒತ್ತಿ. ನನ್ನ ತಪ್ಪಿಗೆ ಹೋಗಿದ್ದು ಎರಡು ಮಾರ್ಕು. ಇದರ ಕೆಳಗೆ ನಾಲ್ಕು ಜನ ನಿಂತು ಕೆಲಸ ಮಾಡ್ತಾರೆ."